ಪರಿಷೆ ಮುಗಿದ ಮೇಲೆ ಪೈಪು ಸುತ್ತಿಡಿ: ನೆಲದಲ್ಲೇ ಮಲಗಿ ಏಳುವ ಗೆಡ್ಡೆ ಹೂಗಳು

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದು ಮುಗಿದ ವಾರದಲ್ಲಿ ಒಂದು ದಿನ ನಾನು ಅಂಗಳದ ನೀರಿನ ಪೈಪನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕ್ತೀನಿ. ಮತ್ತೆ ಇಳಿಸೋದು ಯುಗಾದಿ ಕಳೆದು, ಮೊದಲ ದಪ್ಪ ಮಳೆ ಬಿದ್ದು ಹೋದ ಮೇಲೆ. ನಮ್ಮ ಗೇಟಿನ ಹತ್ತಿರ ನಿಂತು ಹೂ ನೋಡಿದವರು ಸಾಮಾನ್ಯವಾಗಿ ಕೇಳೋದು, "ಏನು ಗೊಬ್ಬರ ಹಾಕ್ತೀರಿ?" ನಾನು ಆ ಮೊಳೆ ತೋರಿಸ್ತೀನಿ. ಕೆಲವರಿಗೆ ಇವಳು ಹೇಳೋಕೆ ಇಷ್ಟವಿಲ್ಲದೆ ಮಾತು ಮರೆಸ್ತಿದ್ದಾಳೆ ಅನ್ನಿಸುತ್ತೆ.

ನಮ್ಮದು ಹನುಮಂತನಗರದಲ್ಲಿ ಮೂವತ್ತು-ನಲವತ್ತರ ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಯವರು, ತಾರಸಿಯೂ ಅವರದ್ದೇ. ನನ್ನ ಕಸುಬು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಒಣಗಿಸೋಕೆ ತಾರಸಿ ಇಲ್ಲದ್ದರಿಂದ ಮುಂದಿನ ಅಂಗಳದಲ್ಲೇ ಮಡಚುವ ಮಂಚಗಳ ಮೇಲೆ ಹಳೆ ಪಂಚೆ ಹಾಸಿ ಒಣಗಿಸ್ತೀನಿ. ಆ ಮಂಚಗಳಿಗೂ ಕಾಂಪೌಂಡ್ ಗೋಡೆಗೂ ನಡುವೆ 22 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ನನ್ನ ತೋಟ ಅಂದರೆ ಅಷ್ಟೇ. ಅದರಲ್ಲಿ ಕೆಂಪು ಲಿಲ್ಲಿ ನೆಟ್ಟಿದ್ದು ನಮ್ಮತ್ತೆ.

ಅತ್ತೆ ತೀರಿಕೊಂಡ ವರ್ಷ ಆ ಪಾತಿ ನನ್ನ ಕೈಗೆ ಬಂತು. ಅವರ ಗಿಡ ನನ್ನ ಕಾಲದಲ್ಲಿ ಸಾಯಬಾರದು ಅಂತ ದಿನಾ ನೀರು ಹಾಕಿದೆ, ಡಿಸೆಂಬರಲ್ಲೂ. ಎಲೆ ಹಳದಿಯಾಯಿತು. ಬಾಯಾರಿಕೆಯೇನೋ ಅಂತ ಇನ್ನೂ ಎರಡು ಚೊಂಬು ಜಾಸ್ತಿ ಸುರಿದೆ. ಫೆಬ್ರವರಿಯಲ್ಲಿ ಒಂದನ್ನು ಹಿಡಿದು ಎಳೆದರೆ ಕತ್ತು ಮಾತ್ರ ಕೈಗೆ ಬಂತು. ಕೆಳಗಿಂದ ಕೊಳೆತ ಈರುಳ್ಳಿ ಮೂಟೆಯ ವಾಸನೆ. 19 ಗೆಡ್ಡೆಯಲ್ಲಿ ಉಳಿದಿದ್ದು 6. ಮುಂದಿನ ವರ್ಷ ಒಂದು ಮದುವೆ ಮನೆಗೆ ಅರಳು ಸಂಡಿಗೆ ಒಪ್ಪಿಕೊಂಡಿದ್ದೆ. ಪಾತಿಗೆ ನೀರು ಬಿಟ್ಟಾಗ ಕೆಮ್ಮಣ್ಣು ಸಿಡಿದು ಪಂಚೆಯ ಒಂದು ಅಂಚೆಲ್ಲ ಕೆಂಪು ಚುಕ್ಕೆ. "ಸಂಡಿಗೆ ಕಾಲ ಮುಗಿಯೋವರೆಗೂ ಆ ಪೈಪ್ ಮುಟ್ಟಬೇಡ," ಅಂದರು ನಮ್ಮನೆಯವರು. ಮುಟ್ಟಲಿಲ್ಲ. ಏಪ್ರಿಲಲ್ಲಿ ಆ 6 ಗೆಡ್ಡೆಯಿಂದ 11 ಹೂದಂಟು ಎದ್ದವು. ಅತ್ತೆಯ ಕಾಲದಲ್ಲೂ ಅಷ್ಟು ಬಂದಿರಲಿಲ್ಲ. ಆಮೇಲೆ ನೆನಪಾಯಿತು: ಸಂಡಿಗೆ ಕಾಲದಲ್ಲಿ ಅವರು ಪಾತಿಯ ಕಡೆ ತಲೆಯೇ ಹಾಕ್ತಿರಲಿಲ್ಲ. ಅದು ಮರೆವು ಅಂತ ನಾನು ತಿಳಿದುಕೊಂಡಿದ್ದೆ.

ಸಂಡಿಗೆ ಒಣಗೋ ಕಾಲವೂ ಗೆಡ್ಡೆ ಮಲಗೋ ಕಾಲವೂ ಒಂದೇ.

ನಮ್ಮ ಮಗಳು ಕೆನಡಾದ ಒಟ್ಟಾವದಲ್ಲಿದ್ದಾಳೆ. ಅಲ್ಲಿ ಟ್ಯುಲಿಪ್ ಅಂದರೆ ಊರಹಬ್ಬ. 1945ರಲ್ಲಿ ನೆದರ್ಲೆಂಡ್ಸ್‌ನ ರಾಜಕುಮಾರಿ ಜೂಲಿಯಾನಾ ಒಂದು ಲಕ್ಷ ಟ್ಯುಲಿಪ್ ಗೆಡ್ಡೆಗಳನ್ನು ಕೆನಡಾಕ್ಕೆ ಕಾಣಿಕೆ ಕಳಿಸಿದ್ದರಂತೆ. ಯುದ್ಧದ ವರ್ಷಗಳಲ್ಲಿ ಆಕೆ ಅಲ್ಲೇ ಆಶ್ರಯ ಪಡೆದಿದ್ದರು. ಟ್ಯುಲಿಪನ್ನು ಅಲ್ಲಿ ಅಕ್ಟೋಬರ್ ಹೊತ್ತಿಗೆ ಗೇಣುದ್ದ ಆಳಕ್ಕೆ ಹೂತು ಮರೆತುಬಿಡುತ್ತಾರೆ. ಮೇಲೆ ಹಿಮ ಕೂತರೂ ಸಾಯಲ್ಲ, ಬದಲಿಗೆ ಆ ಚಳಿ ಸಿಗದಿದ್ದರೆ ಹೂವೇ ಬಿಡಲ್ಲ. ಆದರೆ ಗ್ಲಾಡಿಯೋಲಸ್, ಕ್ಯಾನಾ, ಡೇಲಿಯಾ ಗೆಡ್ಡೆಗಳನ್ನು ನೆಲ ಹೆಪ್ಪುಗಟ್ಟೋ ಮೊದಲೇ ಅಗೆದು ಮನೆಯೊಳಗೆ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಪೂರಾ ಉಲ್ಟಾ. ಅವರು ಒಳಗೆ ತರೋ ಕ್ಯಾನಾ ನಮ್ಮ ಪಾರ್ಕುಗಳಲ್ಲಿ ವರ್ಷವಿಡೀ ನೆಲದಲ್ಲೇ ಇರುತ್ತೆ. ಅವರು ನೆಲದಲ್ಲಿ ಬಿಡೋ ಟ್ಯುಲಿಪ್ ನಮ್ಮಲ್ಲಿ ಫ್ರಿಜ್ಜಿನಲ್ಲಿರಬೇಕು. ಹಾಗಾಗಿ ಚಳಿದೇಶದವರ ವಿಡಿಯೊ ನೋಡಿ "ನವೆಂಬರಲ್ಲಿ ಗೆಡ್ಡೆ ಅಗೆದಿಡಿ" ಅಂತ ಗುದ್ದಲಿ ಎತ್ತಬೇಡಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ 15-16 ಡಿಗ್ರಿ ಇರುತ್ತೆ. ಇಲ್ಲಿ ದಾಖಲಾದ ಅತಿ ಕಡಿಮೆ ಅಂದರೆ 1884ರ ಜನವರಿಯ 7.8 ಡಿಗ್ರಿ. ಅಂದರೆ ನಮ್ಮ ಮಣ್ಣು ಯಾವತ್ತೂ ಹೆಪ್ಪುಗಟ್ಟಲ್ಲ. ಆದರೂ ಗೆಡ್ಡೆಗಳು ಮಲಗ್ತವೆ, ಯಾಕೆಂದರೆ ಅವಕ್ಕೆ ಇಲ್ಲಿ ರಾತ್ರಿ ಅಂದರೆ ಬರ. ನಮ್ಮಲ್ಲಿ ಚೆನ್ನಾಗಿ ಬರೋ ಲಿಲ್ಲಿಗಳು ದಕ್ಷಿಣ ಅಮೆರಿಕ, ಆಫ್ರಿಕ, ಮೆಕ್ಸಿಕೊ ಕಡೆಯವು. ಅಲ್ಲೂ ಕೆಲವು ತಿಂಗಳು ಮಳೆ, ಕೆಲವು ತಿಂಗಳು ಒಣಗಾಲ. ದೂರ ಯಾಕೆ, ಹಿತ್ತಲ ಅರಿಸಿನ ನೋಡಿ. ಸಂಕ್ರಾಂತಿ ಹೊತ್ತಿಗೆ ಎಲೆಯೆಲ್ಲ ಒಣಗಿ ನೆಲಕ್ಕೆ ಬಿದ್ದಿರುತ್ತೆ. ಗೆಡ್ಡೆ ಒಳಗೆ ಗಟ್ಟಿಯಾಗಿ ಕೂತಿರುತ್ತೆ. ಅದಕ್ಕೆ ಯಾರೂ ಗಾಬರಿಯಾಗಿ ನೀರು ಹೊಯ್ಯಲ್ಲ. ಲಿಲ್ಲಿಯ ಎಲೆ ಹಳದಿಯಾದರೆ ಮಾತ್ರ ಯಾಕೋ ನಮಗೆ ಜೀವ ತಡೆಯಲ್ಲ. ಮಲಗಿದ ಗೆಡ್ಡೆಯ ಬೇರು ನೀರು ಕುಡಿಯೋದನ್ನು ಬಹುಪಾಲು ನಿಲ್ಲಿಸಿರುತ್ತೆ. ಹೊಯ್ದ ನೀರು ಸುತ್ತ ನಿಂತು ಮೊದಲು ಬೇರು, ಆಮೇಲೆ ತಳದ ಬಿಲ್ಲೆ, ಅಂದರೆ ಬೇರು ಹುಟ್ಟೋ ಗಟ್ಟಿ ಭಾಗ, ಕೊಳೆಯುತ್ತೆ. ಬಿಲ್ಲೆ ಹೋದರೆ ಗೆಡ್ಡೆ ಹೋಯಿತು ಅಂತಲೇ ಲೆಕ್ಕ.

ಇನ್ನು ಮಣ್ಣಿನ ವಿಷಯ. ನೆಡೋ ಮೊದಲು ಒಂದು ಅಡಿ ಆಳದ ಗುಂಡಿ ತೆಗೆದು ಒಂದು ಬಕೆಟ್ ನೀರು ಸುರಿಯಿರಿ. ಇಂಗಿದ ಮೇಲೆ ಇನ್ನೊಂದು ಬಕೆಟ್. ಎರಡನೆಯ ಸಲದ ನೀರು ಒಂದು ಗಂಟೆಯಾದರೂ ಕೆಳಗಿಳಿಯದೆ ನಿಂತಿದ್ದರೆ ಆ ಜಾಗದಲ್ಲಿ ಹಾಗೇ ನೆಡಬೇಡಿ. ನಮ್ಮ ಪಾತಿಯಲ್ಲಿ ಒಂದು ತುದಿ ಹತ್ತು ನಿಮಿಷಕ್ಕೆ ಇಂಗಿತು, ಇನ್ನೊಂದು ತುದಿ ಮಧ್ಯಾಹ್ನದವರೆಗೂ ಕೊಳದ ಹಾಗೆ ನಿಂತಿತ್ತು. ಅಗೆದು ನೋಡಿದರೆ ಅಡಿಯಲ್ಲಿ ಮನೆ ಕಟ್ಟಿದಾಗ ಚೆಲ್ಲಿದ್ದ ಸಿಮೆಂಟು ಗಟ್ಟಿಯಾಗಿ ಒಂದು ಚಪ್ಪಡಿಯೇ ಆಗಿತ್ತು. ಬೆಂಗಳೂರಿನ ಸೈಟುಗಳಲ್ಲಿ ಗೋಡೆ ಪಕ್ಕದ ಮಣ್ಣಿನ ಕೆಳಗೆ ಇಂಥದ್ದು ಇದ್ದೇ ಇರುತ್ತೆ: ಗಾರೆ, ಟೈಲ್ಸ್ ಚೂರು, ಒಮ್ಮೊಮ್ಮೆ ಮೇಸ್ತ್ರಿಯ ಚಪ್ಪಲಿ. ಎಲ್ಲ ತೆಗೆಸಿ. ಕೆಲಸ ಒಂದೇ ದಿನದ್ದು, ಉಪಕಾರ ಹತ್ತು ವರ್ಷದ್ದು.

ನಾನು ಹಾಕೋ ಲೆಕ್ಕ ಬಾಂಡ್ಲಿಯದ್ದು. ಎರಡು ಬಾಂಡ್ಲಿ ಕೆಮ್ಮಣ್ಣು, ಒಂದು ಬಾಂಡ್ಲಿ ದಪ್ಪ ಮರಳು, ಒಂದು ಬಾಂಡ್ಲಿ ಚೆನ್ನಾಗಿ ಹಳೆಯದಾದ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ನದಿ ಮರಳು ಸಿಗದಿದ್ದರೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಆಗುತ್ತೆ. ಆದರೆ ಅದರ ಪುಡಿಧೂಳನ್ನು ಜರಡಿ ಹಿಡಿದು ಚೆಲ್ಲಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಕೆಮ್ಮಣ್ಣಿನ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತೆ. ಹಸಿ ಸಗಣಿ ಬೇಡವೇ ಬೇಡ. ಗೊಣ್ಣೆಹುಳಕ್ಕೆ ಅದು ಹಬ್ಬದೂಟ, ಗೆಡ್ಡೆಗೆ ಕೊಳೆರೋಗ. ತೆಂಗಿನ ನಾರಿನ ಪುಡಿ ಕೊಕೊಪೀಟನ್ನೂ ನಾನು ನೆಲಕ್ಕೆ ಸೇರಿಸಲ್ಲ, ನೀರು ಹಿಡಿದಿಟ್ಟುಕೊಳ್ಳೋದೇ ಅದರ ಗುಣ. ಕೊನೆಗೆ ಪಾತಿಯನ್ನು ಸುತ್ತಲ ನೆಲಕ್ಕಿಂತ ಆರೇಳು ಅಂಗುಲ ಎತ್ತರ ಮಾಡಿ ಅಂಚಿಗೆ ಇಟ್ಟಿಗೆ ಜೋಡಿಸಿ. ಇಟ್ಟಿಗೆಗಳ ನಡುವೆ ಬೆರಳು ತೂರೋಷ್ಟು ಸಂದು ಬಿಡಿ. ಸೆಪ್ಟೆಂಬರ್, ಅಕ್ಟೋಬರಲ್ಲಿ ಈ ಊರಿನ ದೊಡ್ಡ ಮಳೆ ಬಂದಾಗ ನೀರು ಹೊರಹೋಗೋ ದಾರಿ ಅದು. ಡಿಸೆಂಬರಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದಿಂದ ಜಡಿಮಳೆ ಹಿಡಿದರೂ ಎತ್ತರದ ಪಾತಿಗೆ ಅಷ್ಟು ಭಯವಿಲ್ಲ. ಸಂಡಿಗೆಗೆ ಮುಚ್ಚೋ ಟಾರ್ಪಾಲಿನ ಒಂದು ಮೂಲೆಯನ್ನು ನಾನು ಪಾತಿಗೂ ಎಳೀತೀನಿ, ಅಷ್ಟೇ.

ಗೆಡ್ಡೆ ಎಲ್ಲಿ ಸಿಗುತ್ತೆ? ಲಾಲ್‌ಬಾಗಿನ ಪಕ್ಕ ಸಿದ್ದಾಪುರದ ನರ್ಸರಿಗಳಲ್ಲಿ ಸಿಗುತ್ತೆ. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮಳಿಗೆಗಳಲ್ಲೂ ಸಿಗುತ್ತೆ. ಆದರೆ ನನ್ನ ಪಾತಿಯ ಮುಕ್ಕಾಲು ಪಾಲು ಬಂದಿದ್ದು ಬೇರೆಯವರ ಮನೆಯ ಪಾತಿಯಿಂದ. ನಮ್ಮ ಊರಲ್ಲೇ, ಇಲ್ಲಿನ ಬಿಸಿಲಲ್ಲೇ ಬದುಕಿ ತೋರಿಸಿದ ಗೆಡ್ಡೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗಲ್ಲ. ಕೊಳ್ಳೋದಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮಲಗಿರುವಾಗ ಕೊಳ್ಳಿ. ಈರುಳ್ಳಿ ಆರಿಸೋ ಹಾಗೇ ಆರಿಸಿ: ಕೈಯಲ್ಲಿ ತೂಕ ಇರಬೇಕು, ಕತ್ತು ಒತ್ತಿದರೆ ಮೆತ್ತಗಾಗಬಾರದು, ತಳದ ಬಿಲ್ಲೆ ಕಲ್ಲಿನಂತಿರಬೇಕು. ಮೇಲಿನ ಸಿಪ್ಪೆ ಹರಿದಿದ್ದರೆ ಚಿಂತೆಯಿಲ್ಲ. ಸಿಪ್ಪೆಯ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕೂತಿದ್ದರೆ ಬೇಡ ಅನ್ನಿ.

ಮೊದಲ ಸಲ ನೆಡೋರು ಕೆಂಪು ಲಿಲ್ಲಿಯಿಂದ ಶುರು ಮಾಡಿ. ನರ್ಸರಿಯವರು ಇದನ್ನು ಅಮರಿಲ್ಲಿಸ್ ಅಂತಾರೆ. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕದ್ದು, ಅದು ಬೇರೆ. ಇದರ ಹೆಸರು ಹಿಪ್ಪಿಯಾಸ್ಟ್ರಮ್. ಹಾಗೆ ಕೇಳಿದರೆ ಸಿದ್ದಾಪುರದಲ್ಲಿ ಮುಖ ಮುಖ ನೋಡ್ತಾರೆ, ಅಮರಿಲ್ಲಿಸ್ ಅಂತಲೇ ಕೇಳಿ. ನೆಡುವಾಗ ಗೆಡ್ಡೆಯನ್ನು ಪೂರ್ತಿ ಹೂಳಬಾರದು, ಕತ್ತು ಮಣ್ಣಿನಿಂದ ಮೇಲಿರಬೇಕು. "ಗೆಡ್ಡೆಯ ಎತ್ತರದ ಮೂರರಷ್ಟು ಆಳ" ಅನ್ನೋ ನಿಯಮವನ್ನು ಬಹಳ ಕಡೆ ಹೇಳ್ತಾರೆ. ಅದು ಟ್ಯುಲಿಪ್‌ನಂಥ ಚಳಿದೇಶದ ಗೆಡ್ಡೆಗೆ. ನಮ್ಮ ಮಳೆಯಲ್ಲಿ ಲಿಲ್ಲಿಯನ್ನು ಅಷ್ಟು ಆಳ ಹೂತರೆ ಕತ್ತಿನ ಸಂದಿಗೆ ನೀರಿಳಿದು ಕೊಳೆಯುತ್ತೆ. ಒಂದರಿಂದ ಇನ್ನೊಂದಕ್ಕೆ ಒಂದು ಗೇಣು ಅಂತರ. ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಸಾಕು.

ಈ ಗಿಡದ ಒಂದು ಗುಟ್ಟು ಗೊತ್ತಾದರೆ ಮಿಕ್ಕದ್ದೆಲ್ಲ ತಾನೇ ಗೊತ್ತಾಗುತ್ತೆ. ಗೆಡ್ಡೆಯೊಳಗೆ ಸುಮಾರು ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂವಿನ ಮೊಗ್ಗು ಹುಟ್ಟುತ್ತೆ, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಅಂದರೆ ಈ ಏಪ್ರಿಲಿನ ಹೂವು ಹೋದ ಮಳೆಗಾಲದ ಎಲೆಯ ಸಂಪಾದನೆ. ಹೂ ಮುಗಿದ ಕೂಡಲೇ "ಅಸಹ್ಯವಾಗಿ ಕಾಣುತ್ತೆ" ಅಂತ ಎಲೆ ಕತ್ತರಿಸಿ ಒಪ್ಪ ಮಾಡೋರು ಮುಂದಿನ ವರ್ಷದ ಹೂವನ್ನೇ ಕತ್ತರಿಸಿರುತ್ತಾರೆ. ನಮ್ಮ ಮೇಲಿನ ಬಾಡಿಗೆಯ ಹುಡುಗಿ ಒಮ್ಮೆ ಉಪಕಾರಕ್ಕೆ ಅಂತ ಎಲೆಗಳನ್ನೆಲ್ಲ ಜಡೆ ಹೆಣೆದು ಗಂಟು ಹಾಕಿದ್ದಳು. "ಆಂಟಿ, ನೀಟಾಗಿದೆಯಲ್ವಾ?" ಅಂದಳು. ಅವಳೆದುರು ಹ್ಞೂಂ ಅಂದು, ಅವಳು ಕೆಲಸಕ್ಕೆ ಹೋದ ಮೇಲೆ ಬಿಚ್ಚಿದೆ. ಒಣಗಿದ ಹೂದಂಟನ್ನು ಮಾತ್ರ ಬುಡದಲ್ಲಿ ಕತ್ತರಿಸಿ. ಕಾಯಿ ಕಟ್ಟೋಕೂ ಬಿಡಬೇಡಿ. ಬೀಜ ಬೇಕಿದ್ದರೆ ಒಂದನ್ನು ಮಾತ್ರ ಬಿಡಿ. ಹಪ್ಪಳದ ಚೂರಿನಂತೆ ತೆಳ್ಳಗಿನ ಕಪ್ಪು ಬೀಜ ಬರುತ್ತೆ. ಬಿತ್ತಿದರೆ ಹೂ ನೋಡೋಕೆ ಮೂರು ವರ್ಷವಾದರೂ ಕಾಯಬೇಕು.

ಎರಡನೆಯದು ಫುಟ್‌ಬಾಲ್ ಲಿಲ್ಲಿ. ಆಫ್ರಿಕದ್ದು. ವರ್ಷಕ್ಕೆ ಒಂದು ಗೆಡ್ಡೆಗೆ ಒಂದೇ ಹೂ, ಏಪ್ರಿಲ್ ಕೊನೆ ಅಥವಾ ಮೇನಲ್ಲಿ. ಆದರೆ ಆ ಒಂದು ಹೂವಲ್ಲಿ ನೂರಾರು ಪುಟ್ಟ ಕೆಂಪು ಹೂಗಳು ಸೇರಿ ಚೆಂಡಿನ ಆಕಾರ. ದಂಟಿನ ಬುಡದಲ್ಲಿ ಹಾವಿನ ಮೈಯಂಥ ಚುಕ್ಕೆ. ಇದಕ್ಕೆ ನೆರಳು ಬೇಕು. ನಾನು ಗೋಡೆ ಮೂಲೆಯಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ ಇಟ್ಟಿದ್ದೀನಿ. ಕತ್ತು ಮಣ್ಣಿನ ಮಟ್ಟಕ್ಕೆ ಬರೋ ಹಾಗೆ ನೆಡಿ. ಮಲಗಿದಾಗ ಇದು ನೆಲದ ಮೇಲೆ ಗುರುತೇ ಉಳಿಸಲ್ಲ, ಮರೆತು ಗುದ್ದಲಿ ಹಾಕಿ ಎರಡು ಗೆಡ್ಡೆ ಸೀಳಿದ್ದೀನಿ. ಈಗ ಪ್ರತಿಯೊಂದರ ಪಕ್ಕ ಒಂದು ಮುರಿದ ಚಮಚವನ್ನು ಹಿಡಿ ಮೇಲಾಗಿ ಚುಚ್ಚಿಟ್ಟಿರ್ತೀನಿ. ಜಾಗ ಬದಲಾಯಿಸಿದರೆ ಇದಕ್ಕೆ ಕೋಪ. ಒಂದು ವರ್ಷ ಹೂ ಬಿಡದೆ ಕೂರುತ್ತೆ. ಒತ್ತೊತ್ತಾಗಿ ಬೆಳೆದರೂ ಹಾಗೇ ಬಿಡಿ.

ರೇನ್ ಲಿಲ್ಲಿ ಬಗ್ಗೆ ಹೆಚ್ಚು ಹೇಳೋದಿಲ್ಲ, ಅದು ಕೊಲ್ಲೋಕೆ ಪ್ರಯತ್ನಪಟ್ಟರೂ ಸಾಯಲ್ಲ. ಪುಟ್ಟ ಗೆಡ್ಡೆಗಳನ್ನು ಎರಡು ಅಂಗುಲ ಆಳದಲ್ಲಿ, ಹತ್ತು ಹತ್ತರ ಗುಂಪಾಗಿ, ಬಿಸಿಲು ಬೀಳೋ ಅಂಚಿನಲ್ಲಿ ನೆಡಿ. ಒಣಗಿದ ನೆಲಕ್ಕೆ ಜೋರು ಮಳೆ ಬಿದ್ದ ಮೂರರಿಂದ ಐದು ದಿನಕ್ಕೆ ಗುಲಾಬಿ ಬಣ್ಣದ್ದು, ಹಳದಿಯದ್ದು ಒಟ್ಟಿಗೆ ಎದ್ದು ನಿಲ್ಲುತ್ತವೆ. ಮಳೆಗಾಲದ ನಡುವೆ ಬಿಡುವು ಬಂದರೆ ಎರಡು ಮೂರು ವಾರ ಒಣಗೋಕೆ ಬಿಟ್ಟು ಒಂದೇ ಸಲ ನೆಲ ತೊಯ್ಯೋ ಹಾಗೆ ನೀರು ಬಿಟ್ಟು ನೋಡಿ; ಮೋಸ ಹೋಗಿ ಇನ್ನೊಂದು ಸಲ ಹೂ ಬಿಡುತ್ತೆ. ಬಿಳಿ ರೇನ್ ಲಿಲ್ಲಿ ಮಾತ್ರ ಈ ಒಣಗಿಸೋ ಲೆಕ್ಕಕ್ಕೆ ಸೇರಲ್ಲ. ಅದು ವರ್ಷವಿಡೀ ಹಸಿರಾಗಿರುತ್ತೆ, ತೇವ ಇಷ್ಟ, ಹೂ ಬಿಡೋದು ಮಳೆಗಾಲದ ಹಿಂಭಾಗದಲ್ಲಿ. ಸ್ಪೈಡರ್ ಲಿಲ್ಲಿಯೂ ಅಷ್ಟೇ. ಇವೆರಡನ್ನು ನಲ್ಲಿಯ ಹತ್ತಿರ ಇಟ್ಟುಬಿಡಿ.

ಸುಗಂಧರಾಜ ನೆಟ್ಟವರ ದೂರು ಒಂದೇ: "ಮೊದಲ ವರ್ಷ ಬಂತು, ಆಮೇಲೆ ಬರೀ ಹುಲ್ಲು." ಸುಗಂಧರಾಜದಲ್ಲಿ ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡಲ್ಲ. ಅದರ ಸುತ್ತ ಹುಟ್ಟೋ ಮರಿಗಳು ದಪ್ಪವಾಗಿ ಹೂ ಬಿಡಬೇಕು. ಒತ್ತಾಗಿದ್ದರೆ ಮರಿ ದಪ್ಪವಾಗಲ್ಲ. ಅದಕ್ಕೇ ಎರಡು ಮೂರು ವರ್ಷ ನೆಲದಲ್ಲೇ ಬಿಟ್ಟು, ಆಮೇಲೆ ಮಾರ್ಚಿಯಲ್ಲಿ ಕಿತ್ತು, ದಪ್ಪ ಗೆಡ್ಡೆಗಳನ್ನು ಮಾತ್ರ ಆರಿಸಿ ಎರಡು ಮೂರು ಅಂಗುಲ ಆಳದಲ್ಲಿ ಮತ್ತೆ ನೆಡಬೇಕು. ಪೂರ್ತಿ ಬಿಸಿಲು ಬೇಕು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ, ವೈಭವ್ ಸುತ್ತು ಎಸಳಿನವು. ದೇವರಿಗೆ ಮಾಲೆ ಕಟ್ಟೋದಾದರೆ ಒಂಟಿ ಸುತ್ತಿನದ್ದು, ಹೂದಾನಿಗೆ ಸುತ್ತಿನದ್ದು. ವಾಸನೆಗೆ ನನ್ನ ಓಟು ಒಂಟಿಗೆ.

ನೆಲಸಂಪಿಗೆ ಸಿಕ್ಕರೆ ಬಿಡಬೇಡಿ. ಅರಿಸಿನದ ನೆಂಟ. ಬೇಸಿಗೆಯಲ್ಲಿ ಎಲೆಯ ಸುಳಿವೇ ಇಲ್ಲದೆ ನೆಲದಿಂದ ನೇರವಾಗಿ ಬಿಳಿ-ನೇರಳೆ ಹೂ ಬರುತ್ತೆ, ಬಗ್ಗಿ ಮೂಸಿದರೆ ಒಳ್ಳೆಯ ಪರಿಮಳ. ಬಗ್ಗೋಕೆ ಮಂಡಿ ಗಟ್ಟಿಯಿರಬೇಕು, ಅದೊಂದೇ ಕಷ್ಟ. ಗ್ಲಾಡಿಯೋಲಸ್ ಸಹವಾಸ ನನಗೆ ಸಾಕಾಯಿತು: ಪ್ರತಿ ವರ್ಷ ಹಳೆ ಗೆಡ್ಡೆಯ ಮೇಲೆ ಹೊಸದು ಕೂರುತ್ತೆ, ಹಾಗೇ ಮೇಲೇರಿ ಏರಿ ದಂಟು ವಾಲುತ್ತೆ, ಅದರ ಮೇಲೆ ರಸ ಹೀರೋ ಪುಟ್ಟ ಹುಳ ಥ್ರಿಪ್ಸ್ ಕಾಟ.

ಗೌರಿ ಹೂವಿನ ಬಗ್ಗೆ ಎಚ್ಚರಿಕೆಯಿಂದ ಹೇಳಬೇಕು. ಅಗ್ನಿಶಿಖೆ ಅಂತಲೂ ಕರೆಯೋ ಈ ಬಳ್ಳಿ ನಮ್ಮ ಕಾಡಿನದೇ. ಪಕ್ಕದ ತಮಿಳುನಾಡಿಗೆ ರಾಜ್ಯಪುಷ್ಪ. ಗೌರಿಹಬ್ಬದ ಆಸುಪಾಸಿಗೆ ಬೆಂಕಿಯ ನಾಲಿಗೆಯಂತೆ ಅರಳುತ್ತೆ. ಗೆಡ್ಡೆ ಇಂಗ್ಲಿಷಿನ ವಿ ಅಕ್ಷರದ ಹಾಗೆ. ಅದರ ತುದಿಯಲ್ಲೇ ಮೊಳಕೆಯ ಕಣ್ಣು. ತುದಿ ಮುರಿದರೆ ಆ ತುಂಡು ವ್ಯರ್ಥ. ಅಡ್ಡ ಮಲಗಿಸಿ ಮೂರು ಅಂಗುಲ ಆಳದಲ್ಲಿ ನೆಡಬೇಕು. ಆದರೆ ಗೆಡ್ಡೆ, ಬೀಜ ಎಲ್ಲದರಲ್ಲೂ ಕಾಲ್ಚಿಸಿನ್ ಅನ್ನೋ ವಿಷ ಇದೆ, ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳು, ನಾಯಿ ಇರೋ ಮನೆಯಲ್ಲಿ ಬೇಡ. ಗೆಣಸು ಬೆಳೆಯೋ ಹಿತ್ತಲಲ್ಲಂತೂ ಬೇಡವೇ ಬೇಡ. ಲಿಲ್ಲಿ ಗೆಡ್ಡೆಗಳೂ ವಿಷವೇ, ತಿಂದರೆ ವಾಂತಿ ಹಿಡಿಯುತ್ತೆ. ಹೆಗ್ಗಣ ಪಾತಿಯನ್ನು ತೋಡಿ ಗೆಡ್ಡೆಯನ್ನು ಹೊರಗೆಸೆದು ತಿನ್ನದೆ ಹೋಗೋದು ಬಹುಶಃ ಅದಕ್ಕೇ.

ಇನ್ನು ವರ್ಷದ ಕೆಲಸ. ಅಶ್ವಿನಿ ಮಳೆ, ಭರಣಿ ಮಳೆಗೆ ಎಲ್ಲ ಎಚ್ಚರವಾಗ್ತವೆ. ಮಳೆ ತಡವಾದರೆ ನೀವೇ ಒಂದು ಸಲ ಧಾರಾಳವಾಗಿ ನೀರು ಕೊಟ್ಟು ಎಬ್ಬಿಸಬಹುದು, ಆದರೆ ಮೊಳಕೆ ಕಾಣೋವರೆಗೂ ಎರಡನೆಯ ಸಲ ಕೊಡಬೇಡಿ. ಹೂ ಮುಗಿದ ಮೇಲೆ ಜೂನಿನಿಂದ ದಸರೆಯವರೆಗೆ ಎಲೆಯ ಕಾಲ. ತಿಂಗಳಿಗೊಮ್ಮೆ ಗಿಡಕ್ಕೊಂದು ಹಿಡಿ ಎರೆಗೊಬ್ಬರ, ನಡುವೆ ಒಂದು ಸಲ ಮೂಳೆಪುಡಿ. ಮಳೆ ಕೈಕೊಟ್ಟ ವಾರ ಮಾತ್ರ ನೀರು, ಅದೂ ಬುಡಕ್ಕೆ, ಕತ್ತಿನ ಸಂದಿಗಲ್ಲ. ಎಲೆಯ ಮೇಲೆ ಇಟ್ಟಿಗೆ ಬಣ್ಣದ ಗೀರು-ಮಚ್ಚೆ ಕಂಡರೆ ಅದು ಬೂಷ್ಟಿನ ರೋಗ. ಆ ಎಲೆಯನ್ನು ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ.

ಈ ಕಾಲದ ದೊಡ್ಡ ಶತ್ರು ಲಿಲ್ಲಿ ಹುಳ. ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ, ಕೆಂಪು-ಕಿತ್ತಳೆ ಚುಕ್ಕೆ. ನೋಡೋಕೆ ರಂಗೋಲಿ ಹಾಕಿದ ಹಾಗೆ. ಚಿಟ್ಟೆಯಾಗುತ್ತೆ ಅಂತ ಕನಿಕರಪಟ್ಟು ಬಿಟ್ಟರೆ ಬೆಳಿಗ್ಗೆಗೆ ಎಲೆಯ ನಡುನಾರು ಮಾತ್ರ ಉಳಿದಿರುತ್ತೆ, ಆಮೇಲೆ ಕತ್ತಿನೊಳಗೆ ಇಳಿದು ಗೆಡ್ಡೆಯನ್ನೂ ಕೊರೆಯಬಹುದು. ಆಗೋದೂ ಚಿಟ್ಟೆಯಲ್ಲ, ಪತಂಗ. ನಾನು ಸಂಜೆ ಟಾರ್ಚು ಹಿಡಿದು, ಸವೆದ ಇಕ್ಕಳದಲ್ಲಿ ಒಂದೊಂದನ್ನೇ ತೆಗೆದು ಸೋಪಿನ ನೀರಿಗೆ ಹಾಕ್ತೀನಿ. ಮರಿಗಳು ಗುಂಪಾಗಿ ಒಂದೇ ಎಲೆಯ ಅಡಿಯಲ್ಲಿರುವಾಗ ಸಿಕ್ಕರೆ ಆ ಎಲೆಯನ್ನೇ ಕತ್ತರಿಸಿದರಾಯಿತು. ಮಾರನೆ ದಿನ ಬೇವಿನೆಣ್ಣೆ: ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ, ಕರಗೋಕೆ ಎರಡು ಹನಿ ಪಾತ್ರೆ ತೊಳೆಯೋ ಸೋಪು.

ದಸರೆಯ ಮೇಲೆ ಗೊಬ್ಬರ ನಿಲ್ಲಿಸಿ. ಪರಿಷೆಯ ಮೇಲೆ ನೀರು ನಿಲ್ಲಿಸಿ. ಎಲೆ ತಾನಾಗಿ ಹಳದಿಯಾಗಿ, ಹುಲ್ಲಿನಂತೆ ಒಣಗಿ, ಮೆಲ್ಲಗೆ ಎಳೆದರೆ ಬಿಟ್ಟುಕೊಡೋವರೆಗೂ ಕೈ ಹಾಕಬೇಡಿ. ಹಸಿರು ಇರೋ ಎಲೆಯನ್ನು ಕಿತ್ತರೆ ಆ ಗಾಯದಿಂದ ಕೊಳೆ ಒಳಗಿಳಿಯುತ್ತೆ. ಕೆಲವು ಲಿಲ್ಲಿ ಎರಡೋ ಮೂರೋ ಎಲೆ ಇಟ್ಟುಕೊಂಡೇ ಮಲಗುತ್ತವೆ, ಅದೂ ಸರಿಯೇ. ಒಣಗಿದ ಪಾತಿಯ ಮೇಲೆ ತರಗೆಲೆ ತೆಳುವಾಗಿ ಹರಡಿದರೆ ಮಾರ್ಚಿಯ ಬಿಸಿಲಿಗೆ ಗೆಡ್ಡೆ ಬೇಯಲ್ಲ.

ಅಪಾರ್ಟ್‌ಮೆಂಟಿನಲ್ಲಿ ಕುಂಡದಲ್ಲಿ ಬೆಳೆಸೋರು ಕೇಳ್ತಾರೆ, ಗೆಡ್ಡೆಯನ್ನು ಹೊರಗೆ ತೆಗೀಬೇಕಾ ಅಂತ. ಬೇಡ. ಡಿಸೆಂಬರಲ್ಲಿ ಕುಂಡವನ್ನೇ ಅಡ್ಡ ಮಲಗಿಸಿ ಬಾಲ್ಕನಿಯ ನೆರಳಿನ ಮೂಲೆಗೆ ತಳ್ಳಿ. ಅಡ್ಡ ಮಲಗಿದ ಕುಂಡಕ್ಕೆ ಮನೆಯಲ್ಲಿ ಯಾರೂ ಅಪ್ಪಿತಪ್ಪಿಯೂ ನೀರು ಹಾಕಲ್ಲ.

ಟ್ಯುಲಿಪ್ ಆಸೆಯೂ ಒಮ್ಮೆ ತೀರಿಸಿಕೊಂಡೆ. ಮಗಳು ಕಳಿಸಿದ ಫೋಟೊ ನೋಡಿ ಆನ್‌ಲೈನಿನಲ್ಲಿ 10 ಗೆಡ್ಡೆ ತರಿಸಿದೆ. ಅದಕ್ಕೆ 9 ಡಿಗ್ರಿಗಿಂತ ತಣ್ಣಗೆ 12ರಿಂದ 14 ವಾರ ಬೇಕು, ಅಂದರೆ ಫ್ರಿಜ್ಜು. ಅದರಲ್ಲೂ ಸೇಬು, ಬಾಳೆಹಣ್ಣಿನ ಜೊತೆ ಇಡೋ ಹಾಗಿಲ್ಲ, ಹಣ್ಣು ಬಿಡೋ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸಾಯುತ್ತೆ. ಕಾಗದದ ಚೀಲದಲ್ಲಿ ಕಟ್ಟಿ ದೋಸೆ ಹಿಟ್ಟಿನ ಹಿಂದೆ ಇಟ್ಟಿದ್ದೆ. ಹಬ್ಬಕ್ಕೆ ಬಂದ ನಾದಿನಿ ಹುಳಿ ಮಾಡೋಕೆ ನಿಂತವಳು, "ಅತ್ತಿಗೆ, ಈ ಸಾಂಬಾರ್ ಈರುಳ್ಳಿಗೆ ಯಾಕೆ ವಾಸನೇನೇ ಇಲ್ಲ?" ಅಂದಳು. ಅಷ್ಟರಲ್ಲಿ ಎರಡರ ಸಿಪ್ಪೆ ಸುಲಿದಾಗಿತ್ತು. ಉಳಿದ ಎಂಟನ್ನು ಜನವರಿ ಕೊನೆಗೆ ಕುಂಡಕ್ಕೆ ಹಾಕಿದೆ. ಫೆಬ್ರವರಿಯ ಬಿಸಿಲಿಗೆ ನಾಲ್ಕು ಮಾತ್ರ, ಗಿಡ್ಡ ದಂಟಿನಲ್ಲಿ ಅರಳಿದವು. ಕೆಂಪು ಅಂತ ಕಳಿಸಿದ್ದು ಹಳದಿಯಾಗಿತ್ತು. ಐದನೇ ದಿನಕ್ಕೆ ಎಸಳು ಉದುರಿತು, ಮತ್ತೆ ಆ ಗೆಡ್ಡೆಗಳು ಏಳಲಿಲ್ಲ. ಒಂದು ಸಲ ನೋಡಬೇಕು ಅನ್ನೋರು ಮಾಡಿ, ತಪ್ಪಿಲ್ಲ.

ನಾಲ್ಕೈದು ವರ್ಷಕ್ಕೊಮ್ಮೆ ಕೆಂಪು ಲಿಲ್ಲಿ ಒತ್ತಾಗಿ ಗೆಡ್ಡೆಗಳು ಒಂದನ್ನೊಂದು ಮೇಲಕ್ಕೆ ತಳ್ಳೋಕೆ ಶುರು ಮಾಡ್ತವೆ. ಆ ಫೆಬ್ರವರಿಯಲ್ಲಿ, ಹೂದಂಟು ಏಳೋ ಮೊದಲು, ಸಲಾಕೆಯಿಂದ ಗುಂಪನ್ನು ಅಡಿಯಿಂದ ಮೀಟಿ ಎತ್ತಿ. ಮರಿಗಳು ಕೈಯಲ್ಲಿ ತಿರುಚಿದರೆ ಬಿಟ್ಟುಕೊಳ್ಳುತ್ತವೆ. ಬಿಡದ್ದನ್ನು ಬಲವಂತ ಮಾಡಬೇಡಿ, ತಾಯಿಯ ಜೊತೆಯೇ ಇನ್ನೊಂದು ವರ್ಷ ಇರಲಿ. ಗಾಯಕ್ಕೆ ಇದ್ದಿಲ ಪುಡಿ ಸವರಿ, ಎರಡು ದಿನ ನೆರಳಲ್ಲಿ ಒಣಗಿಸಿ. ಸುಣ್ಣದಕಾಯಿಗಿಂತ ಚಿಕ್ಕ ಮರಿ ಮೊದಲ ವರ್ಷ ಹೂ ಬಿಡಲ್ಲ ಅಂತ ತೊಗೊಳ್ಳೋರಿಗೆ ಮೊದಲೇ ಹೇಳಿಬಿಡಿ. ನಾನು ಹೆಚ್ಚಾದದ್ದನ್ನು ಸಂಡಿಗೆ ಕೊಳ್ಳೋಕೆ ಬಂದವರಿಗೆ ಹಳೆ ಪೇಪರಿನಲ್ಲಿ ಸುತ್ತಿ ಕೊಡ್ತೀನಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತೆ. ನಾದಿನಿಯ ಹುಳಿಯ ಮೇಲೆ ಇನ್ನೊಂದು ಅಭ್ಯಾಸವೂ ಸೇರಿಕೊಂಡಿದೆ: ಎರಡೂ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೀತೀನಿ, ಒಂದರ ಮೇಲೆ "ಕರಿಯೋದಕ್ಕೆ", ಇನ್ನೊಂದರ ಮೇಲೆ "ನೆಡೋದಕ್ಕೆ, ತಿನ್ನೋ ಹಾಗಿಲ್ಲ".